ನೂರಕ್ಕೆ ನೂರು ತಪ್ಪಿಸಿದವರು

ಕಂಕನಾಡಿಯ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದಾಗ ನಮ್ಮ ಶಾಲೆಯ ಗಣಿತದ ಸರ್ ಎದೆಗೆ ನಾಲ್ಕೈದು ವಯರು ಅಂಟಿಸಿಕೊಂಡು ಮಲಗಿದ್ದರು. ನನ್ನನ್ನು ಹತ್ತಿರ ಕರೆದು, ಬಾಗಿಲಲ್ಲಿ ನಿಂತಿದ್ದ ಡಾಕ್ಟರನ್ನು ಕಣ್ಣಲ್ಲೇ ತೋರಿಸಿ, "ಐವತ್ತೆಂಟು" ಎಂದರು. ವಯಸ್ಸು ಹೇಳುತ್ತಿದ್ದಾರೆ ಅಂದುಕೊಂಡೆ. ಆದರೆ ಡಾಕ್ಟರಿಗೆ ನಲವತ್ತೂ ಆದ ಹಾಗೆ ಕಾಣುತ್ತಿರಲಿಲ್ಲ.

"ಹತ್ತನೆಯ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆ. ಅದರಲ್ಲೂ ಎರಡು ನಾನು ಕನಿಕರದಿಂದ ಕೊಟ್ಟದ್ದು. ಇವನು ಈಗ ನನ್ನ ಹೃದಯ ನೋಡುವುದಂತೆ. ಬೇರೆ ಯಾರಾದರೂ ಉಂಟಾ ಕೇಳಿ ಪಂಡಿತರೇ."

ಡಾಕ್ಟರಿಗೆ ಕೇಳಿಸಿತು. ನಗುತ್ತಾ ಹತ್ತಿರ ಬಂದು, "ಐವತ್ತೊಂಬತ್ತು ಸರ್. ನೀವು ಕೂಡಿಸಿದ್ದು ತಪ್ಪಾಗಿತ್ತು, ನಾನು ಬಂದು ತೋರಿಸಿದ್ದೆ" ಎಂದರು. ಸರ್ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, "ಹೌದು ಹೌದು, ಐವತ್ತೊಂಬತ್ತು. ಹಾಗಾದರೆ ಅಡ್ಡಿಯಿಲ್ಲ, ನೋಡಲಿ" ಎಂದು ಒಪ್ಪಿಗೆ ಕೊಟ್ಟರು.

ಇದು ಕಾಯಿಲೆಯ ಬಡಬಡಿಕೆ ಅಲ್ಲ. ಅವರು ಇದ್ದದ್ದೇ ಹಾಗೆ. ಅವರಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ಅಂಕ ನೆನಪಿರುತ್ತಿತ್ತು. ಸಿಟಿ ಬಸ್ಸಿನ ಕಂಡಕ್ಟರ್ "ಬೇಡ ಸರ್, ಟಿಕೆಟ್ ಬೇಡ" ಎಂದು ನಾಚಿಕೊಂಡರೆ ಇವರು ನನ್ನ ಕಡೆ ತಿರುಗಿ, "ನಲವತ್ತೊಂದು. ಒಳ್ಳೆಯ ಹುಡುಗ" ಎನ್ನುತ್ತಿದ್ದರು. ಊರಲ್ಲಿ ಮೂರು ಹೋಟೆಲು ಇಟ್ಟಿರುವ ಶೆಟ್ಟರೊಬ್ಬರು ಒಮ್ಮೆ ಕಾರು ನಿಲ್ಲಿಸಿ ಇಳಿದು ಬಂದು ಇವರ ಕಾಲು ಮುಟ್ಟಿದರು. ಕಾರು ಹೋದ ಮೇಲೆ ಸರ್ ರಸ್ತೆಯನ್ನೇ ನೋಡುತ್ತಾ, "ಇಪ್ಪತ್ತೊಂಬತ್ತು. ಅದೂ ಎರಡನೆಯ ಸಲ. ಮತ್ತೆ ಈ ಕಾರು ಹೇಗೆ ಮಾರಾಯ್ತಿ?" ಎಂದು ನಿಜವಾಗಿಯೂ ಚಿಂತೆಗೆ ಬಿದ್ದರು. ದುಬೈಯಲ್ಲಿ ನರ್ಸ್ ಆಗಿರುವ ಸ್ವಂತ ಮಗಳು ಅವರಿಗೆ "ನಮ್ಮ ಎಪ್ಪತ್ತೊಂದು." ಅವರ ಹೆಂಡತಿ, ನಾವೆಲ್ಲ ಕೊಂಕಣಿ ರೀತಿಯಲ್ಲಿ, ಅಮ್ಮ ಅನ್ನುವ ಹಾಗೆ, ಬಾಯಿ ತುಂಬಾ 'ಬಾಯಿ' ಎಂದು ಕರೆಯುವ ಹಿರಿಯರು, ಒಮ್ಮೆ ನಮ್ಮೆದುರೇ ಕೇಳಿದರು: "ನನಗೆ ಎಷ್ಟು ಕೊಟ್ಟಿದ್ದೀರಿ?" ಸರ್ ಮೀನಿನ ಮುಳ್ಳು ಬಿಡಿಸುತ್ತಾ, "ನಿನ್ನ ಪೇಪರ್ ಇನ್ನೂ ಮುಗಿದಿಲ್ಲ, ಬರೆಯುತ್ತಾ ಇರು" ಎಂದರು.

ನಮ್ಮದು ಇಂಗ್ಲಿಷರ ಕಾಲದ ಗಂಡುಮಕ್ಕಳ ಶಾಲೆ. ಆಳೆತ್ತರದ ಕಿಟಕಿಗಳು, ಬೈದರೆ ಎರಡು ಸಲ ಕೇಳಿಸುವ ದೊಡ್ಡ ಹಾಲು. ಆ ಹಾಲಿನ ಗೋಡೆಯಲ್ಲಿ ಮರದ ಹಲಗೆ ಉಂಟು. ಮೆಟ್ರಿಕ್ಯುಲೇಶನ್‌ನಲ್ಲಿ ಶಾಲೆಗೆ ಮೊದಲಿಗರಾದವರ ಹೆಸರು ಚಿನ್ನದ ಬಣ್ಣದಲ್ಲಿ, ವರ್ಷಕ್ಕೆ ಒಂದು. ಹಲಗೆ ತುಂಬಿದ ಮೇಲೆ ಆ ಕೆಲಸವನ್ನು ಗೇಟಿನ ಫ್ಲೆಕ್ಸಿಗೆ ವಹಿಸಿದರು. ಫ್ಲೆಕ್ಸಿನಲ್ಲಿ ವರ್ಷಕ್ಕೆ ಐವತ್ತು ಅರುವತ್ತು ಮುಖ. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಮುಖವೂ ಒಂದೇ ಬಣ್ಣ. ಆಫೀಸಿನ ಕಪಾಟಿನಲ್ಲಿ ಹಳೆಯ ತಪಾಸಣೆ ಪುಸ್ತಕವೂ ಇದೆ. ಅದರಲ್ಲಿ ಯಾವನೋ ಬಿಳಿಯ ಇನ್‌ಸ್ಪೆಕ್ಟರು ಓರೆ ಅಕ್ಷರದಲ್ಲಿ, ಹುಡುಗರ ಪ್ರಗತಿ ತೃಪ್ತಿಕರವಾಗಿದೆ, ಆದರೆ ಚಾವಣಿ ಸೋರುತ್ತದೆ ಎಂದು ಬರೆದಿದ್ದಾನೆ. ನಾನು ಕನ್ನಡ ಟೀಚರಾಗಿ ಸೇರಿದ ದಿನ ಸರ್ ನನಗೆ ಆ ಪುಟ ತೋರಿಸಿ, "ಆಮೇಲೆ ಚಾವಣಿ ರಿಪೇರಿಯಾಯಿತು" ಎಂದಿದ್ದರು. ಹುಡುಗರ ಪ್ರಗತಿಯ ವಿಷಯ ಎತ್ತಿರಲಿಲ್ಲ.

ಕನ್ನಡ ಕಲಿಸುವವರನ್ನೆಲ್ಲ ಪಂಡಿತರೇ ಎನ್ನುವುದು ಅವರ ಹಳೆಯ ಅಭ್ಯಾಸ. ನನಗೆ ಆಗ ಇಪ್ಪತ್ತಾರು ವರ್ಷ. ಸ್ಕೂಟಿಯಲ್ಲಿ ಬರುವ ಪಂಡಿತೆ.

ಹತ್ತನೆಯ ಕ್ಲಾಸಿನ ಫಲಿತಾಂಶಕ್ಕೆ ಅವರೇ ಹೊಣೆಗಾರರು. ನಾನು ಸೇರುವ ಹೊತ್ತಿಗೆ ಶಾಲೆಗೆ ಸತತವಾಗಿ ಹಲವು ವರ್ಷಗಳಿಂದ ನೂರಕ್ಕೆ ನೂರು ಬರುತ್ತಿತ್ತು. ಒಬ್ಬನೂ ಫೇಲಿಲ್ಲ. ಎದುರಿನ ರಸ್ತೆಯ ಶಾಲೆಯವರಿಗೆ ಒಮ್ಮೊಮ್ಮೆ ಒಂದಿಬ್ಬರು ಕೈಕೊಡುತ್ತಿದ್ದರು. ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಗೋಳಿಬಜೆ ತರಿಸುತ್ತಿದ್ದರು. ನೂರಕ್ಕೆ ನೂರು ಹೇಗೆ ಬರುತ್ತದೆ ಎಂದು ನಾನು ಮೊದಲ ವರ್ಷ ಬಹಳ ಭಕ್ತಿಯಿಂದ ಯೋಚಿಸಿದ್ದೆ. ಎರಡನೆಯ ವರ್ಷ ಗೊತ್ತಾಯಿತು. ಬರಲಾರದವರನ್ನು ಹತ್ತನೆಯ ಕ್ಲಾಸಿಗೇ ಬಿಡುತ್ತಿರಲಿಲ್ಲ.

ಅದಕ್ಕೆ ಸ್ಟಾಫಿನಲ್ಲಿ ಸೋಸುವುದು ಎಂದು ಹೆಸರು. ಒಂಬತ್ತನೆಯ ಕ್ಲಾಸಿನ ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಸರ್ ಪಟ್ಟಿಯಲ್ಲಿ ಪೆನ್ಸಿಲಿನಿಂದ ಐದಾರು ಚುಕ್ಕೆ ಇಡುತ್ತಿದ್ದರು. ಆ ಹುಡುಗರ ಹೆತ್ತವರನ್ನು ಕರೆಸಿ ಒಂದು ಸಣ್ಣ ಭಾಷಣ ಮಾಡುತ್ತಿದ್ದರು. ಭಾಷಣ ನಾಲ್ಕು ಭಾಷೆಯಲ್ಲಿ ಸಿದ್ಧ ಇತ್ತು. ಕೊಂಕಣಿಯದ್ದು ಮನೆಮಾತು, ಅದು ಬೆಣ್ಣೆಯ ಹಾಗೆ. ತುಳುವಿನದ್ದು ಚುಟುಕು. ಬ್ಯಾರಿಯದ್ದರಲ್ಲಿ ಹುಡುಗನನ್ನು ಹುಡುಗಿ ಮಾಡಿಬಿಡುತ್ತಿದ್ದರು. ಕನ್ನಡದ್ದು ಸರಕಾರಿ ಸುತ್ತೋಲೆ. ನಾಲ್ಕರಲ್ಲೂ ಅರ್ಥ ಒಂದೇ: ಇವನನ್ನು ಬೇರೆಲ್ಲಾದರೂ ಸೇರಿಸಿ. ಕೊನೆಗೆ ಹೆತ್ತವರು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. "ನಮ್ಮ ವೈಯಕ್ತಿಕ ಕಾರಣಗಳಿಂದಾಗಿ, ಸ್ವಇಚ್ಛೆಯಿಂದ, ನಮ್ಮ ಮಗನ ವರ್ಗಾವಣೆ ಪತ್ರವನ್ನು ಕೋರುತ್ತಿದ್ದೇವೆ." ಹಳೆಯ ಕಾಗದದಲ್ಲಿ ಕಾಗುಣಿತ ತಪ್ಪಿದೆ ಎಂದು ಹೆಡ್‌ಮಾಸ್ಟ್ರು ನನ್ನಿಂದ ತಿದ್ದಿಸಿದರು. ನಾನು ಕಾಗುಣಿತ ತಿದ್ದಿದ್ದಷ್ಟೇ ಅಲ್ಲ, "ಸ್ವಇಚ್ಛೆ"ಯನ್ನು "ಸ್ವೇಚ್ಛೆ" ಮಾಡಬಾರದು, ಅರ್ಥ ಕೆಡುತ್ತದೆ ಎಂದು ವಿವರಣೆಯನ್ನೂ ಕೊಟ್ಟೆ. ಎಲ್ಲರೂ ಮೆಚ್ಚಿದರು.

ಹಾಗೆ ಒಂದು ವರ್ಷ ಏಪ್ರಿಲಿನಲ್ಲಿ ಚುಕ್ಕೆ ಬಿದ್ದ ಆರು ಹುಡುಗರಲ್ಲಿ ಐವರ ಹೆತ್ತವರು ಬಂದು, ಭಾಷಣ ಕೇಳಿ, ಸಹಿ ಹಾಕಿ ಹೋದರು. ಆರನೆಯವನು ಯತೀಶ. ಅವನ ತಾಯಿ ಬಂದರಿನ ಗೋದಾಮಿನಲ್ಲಿ ಒಣಮೆಣಸಿನ ತೊಟ್ಟು ಬಿಡಿಸುವ ಕೆಲಸದವರು. ಕೆಲಸದಿಂದ ಸೀದಾ ಬಂದಿದ್ದರು. ಅವರು ಆಫೀಸಿನೊಳಗೆ ಕಾಲಿಟ್ಟದ್ದೇ ಗುಮಾಸ್ತರು ಸೀನಿದರು. ಹೆಡ್‌ಮಾಸ್ಟ್ರು ಸೀನಿದರು. ಸೀರೆಯ ನೆರಿಗೆ ನೆರಿಗೆಯಲ್ಲೂ ಮೆಣಸಿನ ಪುಡಿ.

ಸರ್ ಚುಟುಕಾದ ತುಳು ಭಾಷಣ ಮುಗಿಸಿ ಕಾಗದ ಮುಂದಿಟ್ಟರು. ಆ ಹೆಂಗಸು ಅದನ್ನು ಮುಟ್ಟಲಿಲ್ಲ. ತುಳುವಿನಲ್ಲೇ ಕೇಳಿದರು: "ಅವನಿಗೆ ಲೆಕ್ಕ ಬರುವುದಿಲ್ಲ ಅಂತ ಹೇಳಿದಿರಿ. ಯಾವುದು ಬರುವುದಿಲ್ಲ?"

"ಗಣಿತ. ಮ್ಯಾತ್ಸ್" ಎಂದರು ಸರ್.

"ಅದು ಗೊತ್ತಾಯಿತು. ಅದರಲ್ಲಿ ಯಾವುದು?"

"ಎಲ್ಲವೂ."

"ಎಲ್ಲವೂ ಹೇಗೆ? ಮೆಣಸು ಹಾಳಾಗಿದೆ ಅಂತ ನಾನು ಸಾಹುಕಾರರಿಗೆ ಹೇಳಿದರೆ ಅವರು ಕೇಳುತ್ತಾರೆ, ಬೂಸ್ಟು ಬಂದಿದೆಯಾ, ಹುಳ ಬಿದ್ದಿದೆಯಾ, ಬಣ್ಣ ಹೋಗಿದೆಯಾ ಅಂತ. ಎಲ್ಲ ಹಾಳು ಅಂದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ನೀವು ದೊಡ್ಡ ಮಾಸ್ಟ್ರು. ಯಾವುದು ಅಂತ ಹೇಳಿ. ಹೇಳಿದರೆ ನಾನು ಸಹಿ ಹಾಕುತ್ತೇನೆ."

ಸರ್ ಫೈಲು ತೆರೆದರು. "ಇಪ್ಪತ್ತಮೂರು" ಎಂದರು.

"ಅದು ಎಷ್ಟು ಅಂತ ಆಯಿತು. ನಾನು ಕೇಳಿದ್ದು ಯಾವುದು ಅಂತ."

ಸರ್ ಫೈಲಿನ ಪುಟಗಳನ್ನು ಹಿಂದೆ ಮುಂದೆ ಮಗುಚಿದರು, ಅದರಲ್ಲಿ ಇದ್ದದ್ದು ಬರೀ ಅಂಕಿ. ಹೆಡ್‌ಮಾಸ್ಟ್ರು ಕರವಸ್ತ್ರದ ಹಿಂದಿನಿಂದ, "ನಾಳೆ ಬನ್ನಿ ಅಮ್ಮಾ" ಎಂದರು. ಅದು ಅವರು ಮಾಡಿದ ತಪ್ಪು. ಆ ಹೆಂಗಸು ನಾಳೆ ಬಂದರು, ನಾಡಿದ್ದು ಬಂದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಆಫೀಸಿನ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದರು. ಗಾಳಿ ಆ ಕಡೆಯಿಂದ ಈ ಕಡೆಗೆ. ನಾಲ್ಕನೆಯ ದಿನ ಗುಮಾಸ್ತರು ಮೂಗಿಗೆ ಮಾಸ್ಕ್ ಹಾಕಿ ಕೂತಿದ್ದರು. ಐದನೆಯ ದಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ಬಂದವರು ಸೀನಿ ಸೀನಿ, ಬಂದ ವಿಷಯವನ್ನೇ ಮರೆತು ಹಿಂದೆ ಹೋದರು. ಹೆಡ್‌ಮಾಸ್ಟ್ರು ಸರ್‌ನ್ನು ಕರೆದು, "ಏನಾದರೊಂದು ಹೇಳಿ ಕಳಿಸಿ ಮಾರಾಯ್ರೆ. ಬೀಜಗಣಿತ ಅಂತ ಹೇಳಿ. ಅವರಿಗೇನು ಗೊತ್ತಾಗುತ್ತದಾ?" ಎಂದರು.

"ಅವರಿಗೆ ಗೊತ್ತಾಗುವುದಿಲ್ಲ. ನನಗೂ ಗೊತ್ತಿಲ್ಲವಲ್ಲ" ಎಂದರು ಸರ್.

ಆರನೆಯ ದಿನ ಅವರು ಯತೀಶನನ್ನು ಕರೆಸಿ ಸ್ಟಾಫ್ ರೂಮಿನಲ್ಲಿ ತಮ್ಮೆದುರು ಕೂರಿಸಿಕೊಂಡರು. ನಾನು ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ. ಬೀಜಗಣಿತದಿಂದ ಶುರು ಮಾಡಿದರು. ಹುಡುಗನಿಗೆ ಸೂತ್ರ ಬಾಯಿಪಾಠ ಬರುತ್ತಿತ್ತು, ಉತ್ತರ ತಪ್ಪುತ್ತಿತ್ತು. ಭಿನ್ನರಾಶಿಗೆ ಇಳಿದರು, ಅಲ್ಲೂ ಹಾಗೆಯೇ. ಗುಣಾಕಾರ ಸರಿ ಇತ್ತು. ಕಳೆಯುವುದು ಸರಿ ಇತ್ತು. ಕೊನೆಗೆ ಸಾವಿರದ ಇನ್ನೂರ ಇಪ್ಪತ್ತನಾಲ್ಕನ್ನು ಹನ್ನೆರಡರಿಂದ ಭಾಗಿಸು ಎಂದರು. ಹುಡುಗ ಚಕಚಕನೆ ಬರೆದು ಕಾಗದ ತಿರುಗಿಸಿದ. ಉತ್ತರ ಹನ್ನೆರಡು.

"ನೂರ ಎರಡು ಅಲ್ಲವಾ ಬರಬೇಕಾದ್ದು?"

"ಮಧ್ಯದ್ದು ಸೊನ್ನೆ ಸರ್."

"ಹೌದು, ಸೊನ್ನೆ. ಎಲ್ಲಿ ಅದು?"

"ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ಲವಾ ಸರ್? ಏನೂ ಇಲ್ಲದ್ದನ್ನು ಯಾಕೆ ಬರೆಯುವುದು ಅಂತ ಬಿಟ್ಟೆ."

ಸರ್ ಪೆನ್ಸಿಲು ಕೆಳಗಿಟ್ಟರು. ವಿಚಾರಿಸಿದರೆ, ಹುಡುಗ ನಾಲ್ಕನೆಯ ಕ್ಲಾಸಿನಲ್ಲಿ ಕಾಮಾಲೆಯಾಗಿ ಒಂದೂವರೆ ತಿಂಗಳು ಶಾಲೆಗೆ ಬಂದಿರಲಿಲ್ಲವಂತೆ. ವಾಪಸು ಬರುವಾಗ ಭಾಗಾಕಾರ ಮುಗಿದಿತ್ತು. ಅಲ್ಲಿಂದ ಈಚೆಗೆ ಐದು ವರ್ಷ, ಸೊನ್ನೆ ಬಂದಲ್ಲೆಲ್ಲ ಅದನ್ನು ಬಿಡುತ್ತಾ, ಬಿಟ್ಟ ಉತ್ತರವನ್ನೇ ಮುಂದಿನ ಸಾಲಿಗೆ ಒಯ್ಯುತ್ತಾ ಬಂದಿದ್ದ. ಐದು ವರ್ಷವೂ ಯಾರೋ ಒಬ್ಬರು ಕೆಂಪು ಗೀಟು ಹಾಕುತ್ತಾ ಬಂದಿದ್ದರು. ಕೊನೆಯ ಎರಡು ವರ್ಷದ ಗೀಟು ಸರ್‌ದೇ.

ಅವರು ಎದ್ದು ಹೊರಗೆ ಬೆಂಚಿನ ಹತ್ತಿರ ಹೋದರು. ನಾನೂ ಬಾಗಿಲವರೆಗೆ ಹೋದೆ. "ಗೊತ್ತಾಯಿತು. ಭಾಗಾಕಾರದಲ್ಲಿ ನಡುವೆ ಸೊನ್ನೆ ಬಂದರೆ ಬರೆಯಲಿಕ್ಕೆ ಬರುವುದಿಲ್ಲ" ಎಂದರು.

ಆ ತಾಯಿ ಮೊದಲು ಕೇಳಿದ್ದು, "ಅಷ್ಟೆಯಾ?" ಆಮೇಲೆ ಸೆರಗಿನಿಂದ ಮುಖ ಒರೆಸಿ, "ಕೊಡಿ ಕಾಗದ. ಹೇಳಿದರೆ ಸಹಿ ಹಾಕುತ್ತೇನೆ ಅಂದಿದ್ದೆ" ಎಂದರು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವರು.

ಸರ್ ಕಾಗದ ತರಲಿಲ್ಲ. ಒಂದು ದೊಡ್ಡ ಸೀನು ಸೀನಿ, "ನಾಳೆಯಿಂದ ಅವನನ್ನು ಬೆಳಿಗ್ಗೆ ಎಂಟಕ್ಕೆ ಕಳಿಸಿ. ರಜೆ ಇದ್ದರೂ" ಎಂದರು.

ಆ ರಜೆಯಲ್ಲಿ ಅವರು ನಿತ್ಯ ಶಾಲೆಗೆ ಬಂದರು. ಮೌಲ್ಯಮಾಪನದ ಕೆಲಸಕ್ಕೆ ನಾನು ಒಂದು ದಿನ ಹೋದಾಗ ಇಬ್ಬರೂ ವರಾಂಡದ ನೆಲದಲ್ಲಿ ಕೂತಿದ್ದರು. ಹುಡುಗ ಲೆಕ್ಕ ಮಾಡುತ್ತಿದ್ದ. ಸರ್ ತಮ್ಮ ಹಳೆಯ ಡೈರಿಗಳನ್ನು ಸುತ್ತ ಹರಡಿಕೊಂಡು ಏನೋ ಪಟ್ಟಿ ಮಾಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಸೋಸಿ ಕಳಿಸಿದವರ ಪಟ್ಟಿಯಂತೆ. ನೋಡಿದರೆ ಅದರಲ್ಲಿ ಹತ್ತೊಂಬತ್ತು, ಇಪ್ಪತ್ತೇಳು, ಇಪ್ಪತ್ತಮೂರು, ಹದಿನಾರು ಎಂದು ಬರೀ ಅಂಕಿ.

"ಹೆಸರು ಬರೆಯಲಿಲ್ಲವಾ ಸರ್?"

"ಹೆಸರು ಬರುತ್ತಾ ಇಲ್ಲ" ಎಂದರು. ಪಟ್ಟಿಯ ಮೇಲೆ ಪೆನ್ಸಿಲು ಓಡಿಸುತ್ತಾ, "ಇವರಿಗೆಲ್ಲ ಯಾವುದು ಬರುತ್ತಿರಲಿಲ್ಲವೋ ಏನೋ. ನಾನು ಇಷ್ಟು ವರ್ಷ ಕಲಿಸಲಿಲ್ಲ ಪಂಡಿತರೇ, ತೂಗಿದೆ" ಎಂದರು. ನಾನು ಮೌಲ್ಯಮಾಪನಕ್ಕೆ ಹೊತ್ತಾಯಿತು ಎಂದು ಹೊರಟೆ.

ಯತೀಶ ಹತ್ತನೆಯ ಕ್ಲಾಸಿಗೆ ಬಂದ. ಹೆಡ್‌ಮಾಸ್ಟ್ರಿಗೆ ಅದು ಹಿಡಿಸಲಿಲ್ಲ. ಆದರೆ ಹುಡುಗನನ್ನು ಕಳಿಸಿದರೆ ತಾಯಿ ಬಂದು ಕೂರುತ್ತಾರೆ ಎಂಬ ಭಯ ಇತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನಿಗೆ ಗಣಿತದಲ್ಲಿ ನಲವತ್ತನಾಲ್ಕು ಬಂತು. ಸರ್ ಆ ಉತ್ತರಪತ್ರಿಕೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು. ಅಂಕ ತೋರಿಸುತ್ತಿರಲಿಲ್ಲ, ಸೊನ್ನೆಗಳನ್ನು ತೋರಿಸುತ್ತಿದ್ದರು. "ನೋಡಿ, ಇಲ್ಲಿ ಬರೆದಿದ್ದಾನೆ. ಇಲ್ಲಿಯೂ." ಡ್ರಾಯಿಂಗ್ ಮಾಸ್ಟ್ರು ಆಕಾರ ಚೆನ್ನಾಗಿದೆ ಎಂದರು.

ನಾವೆಲ್ಲ ನಿಶ್ಚಿಂತರಾದೆವು. ಫಲಿತಾಂಶಕ್ಕೆ ಒಂದು ವಾರ ಇರುವಾಗಲೇ ಹೆಡ್‌ಮಾಸ್ಟ್ರು ಫ್ಲೆಕ್ಸ್ ಮಾಡಿಸಿ ತರಿಸಿದರು. ಮೊದಲೇ ಹೇಳಿದರೆ ಪ್ರಿಂಟಿನವನು ಕಡಿಮೆಗೆ ಮಾಡಿಕೊಡುತ್ತಾನೆ. "ಮತ್ತೊಮ್ಮೆ ನೂರಕ್ಕೆ ನೂರು!" ಎಂದು ಕೆಂಪು ಅಕ್ಷರ. ಕೆಳಗೆ ಮುಖಗಳಿಗೆ ಖಾಲಿ ಜಾಗ.

ಫಲಿತಾಂಶ ಬಂದ ದಿನ ಎಲ್ಲರೂ ಆಫೀಸಿನ ಕಂಪ್ಯೂಟರಿನ ಹಿಂದೆ ನಿಂತಿದ್ದೆವು. ಗುಮಾಸ್ತರು ಒಂದೊಂದೇ ನಂಬರ್ ಹೊಡೆದು ಪಾಸ್, ಪಾಸ್ ಎಂದು ಓದುತ್ತಿದ್ದವರು ಒಂದು ಕಡೆ ನಿಂತರು. ಯತೀಶ. ಗಣಿತದಲ್ಲಿ ಪಾಸ್. ವಿಜ್ಞಾನ ಪಾಸ್. ಸಮಾಜ, ಇಂಗ್ಲಿಷ್, ಹಿಂದಿ ಎಲ್ಲ ಪಾಸ್. ಕನ್ನಡದಲ್ಲಿ ಫೇಲು. ಮೂರು ಅಂಕಕ್ಕೆ.

ಕನ್ನಡ ನನ್ನದು.

ಯಾರೂ ನನ್ನ ಕಡೆ ನೋಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಹೆಡ್‌ಮಾಸ್ಟ್ರು ಸೀದಾ ಸರ್ ಕಡೆ ತಿರುಗಿದರು.

"ಒಬ್ಬ! ಒಬ್ಬನಿಂದ ಹೋಯಿತಲ್ಲ ಮಾಸ್ಟ್ರೇ! ಕಳಿಸಿ ಅಂತ ನಾನು ಅವತ್ತೇ ಹೇಳಿದ್ದೆ. ಮಂಡಳಿಗೆ ನಾನು ಎಂತ ಹೇಳುವುದು? ಆ ಒಬ್ಬ ಯಾರು ಅಂತ ಕೇಳಿದರೆ ಎಂತ ಹೇಳುವುದು?"

"ಯತೀಶ ಅಂತ ಹೇಳಿ. ತಪ್ಪು ನನ್ನದು ಅಂತಲೂ ಹೇಳಿ. ನಾನು ಉಳಿಸಿಕೊಂಡದ್ದು" ಎಂದರು ಸರ್.

ಕನ್ನಡ ಎಂಬ ಶಬ್ದ ಅವರ ಬಾಯಿಂದ ಬರಲೇ ಇಲ್ಲ. ನಾನೂ ಎತ್ತಲಿಲ್ಲ. ನನಗೆ ಆಗ ಕೆಲಸ ಖಾಯಂ ಆಗಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ಕಾರಣ ಬಹಳ ಬೇಗ ಸಿಗುತ್ತದೆ.

ಆ ದಿನದ ಮುಖ್ಯ ಚರ್ಚೆ ಮಾತ್ರ ಹುಡುಗನ ಬಗ್ಗೆ ಆಗಲಿಲ್ಲ, ಫ್ಲೆಕ್ಸಿನ ಬಗ್ಗೆ ಆಯಿತು. ಮಾಡಿಸಿ ಆಗಿದೆ, ಏನು ಮಾಡುವುದು? ಡ್ರಾಯಿಂಗ್ ಮಾಸ್ಟ್ರು, "ನೂರಕ್ಕೆ ನೂರರ ಸನಿಹ" ಎಂದು ಒಂದು ತುಂಡು ಅಂಟಿಸಬಹುದು ಎಂದರು. ಹಿಂದಿ ಟೀಚರ್, ಪರೀಕ್ಷೆಗೆ ಹಾಜರಾದವರು ನೂರಕ್ಕೆ ನೂರು ಎಂದು ಹಾಕಿದರೆ ಸುಳ್ಳಾಗುವುದಿಲ್ಲ ಎಂದರು. ಹೆಡ್‌ಮಾಸ್ಟ್ರು ನನ್ನ ಅಭಿಪ್ರಾಯ ಕೇಳಿದರು, ಭಾಷೆಯ ಪ್ರಶ್ನೆಯಾದ್ದರಿಂದ. ನಾನು ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಎದ್ದು ಹೋದೆ. ಕೊನೆಗೆ ಆ ಫ್ಲೆಕ್ಸು ಬಿಸಿಯೂಟದ ಕೋಣೆಯ ಹಿಂದೆ ತೆಂಗಿನ ಗರಿಯ ರಾಶಿಗೆ ಹೊದಿಕೆಯಾಯಿತು, ಅಕ್ಷರ ಕೆಳಗೆ ಮಾಡಿ.

ಸಂಜೆ ನಾನು ಸ್ಕೂಟಿ ತೆಗೆಯುವಾಗ ಸರ್ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರ ಆಗುತ್ತಿತ್ತು.

"ಪಂಡಿತರೇ, ಅವನಿಗೆ ಕನ್ನಡದಲ್ಲಿ ಯಾವುದು ಬರುವುದಿಲ್ಲ?"

"ಅದು... ಭಾಷೆಯ ಮೇಲೆ ಹಿಡಿತ ಕಡಿಮೆ ಸರ್. ಮನೆಯಲ್ಲಿ ತುಳು. ಓದುವ ಹವ್ಯಾಸ ಇಲ್ಲ. ವ್ಯಾಕರಣ ಕೂಡ..."

"ಎಲ್ಲವೂ ಅಂತ ಆಯಿತು" ಎಂದರು. ಅದರಲ್ಲಿ ಕುಹಕ ಇರಲಿಲ್ಲ. "ನಾನು ಅವನ ತಾಯಿಗೆ ಅದನ್ನೇ ಹೇಳಿದ್ದೆ. ಪೂರಕ ಪರೀಕ್ಷೆಗೆ ಒಂದು ತಿಂಗಳು ಉಂಟು. ನೋಡುವ, ಅಲ್ಲವಾ?"

ಮರುದಿನದಿಂದ ಯತೀಶ ನನ್ನೆದುರು ಕೂತ. ಮೊದಲ ವಾರ ನನಗೆ ಏನೂ ಸಿಗಲಿಲ್ಲ. ಪದ್ಯ ಬಾಯಿಪಾಠ ಇತ್ತು. ನಾನು ಬರೆಸಿದ ನೋಟ್ಸು ಪೂರ್ತಿ, ಅಲ್ಪವಿರಾಮ ಸಮೇತ ಬರುತ್ತಿತ್ತು. ಆದರೆ ಪ್ರಶ್ನೆಪತ್ರಿಕೆ ಕೊಟ್ಟರೆ ಸಂಬಂಧವಿಲ್ಲದ ಉತ್ತರ. ಎಂಟನೆಯ ದಿನ, ರೈತನು ಊರನ್ನು ಏಕೆ ಬಿಟ್ಟನು ಎಂದು ಕೇಳಿದ್ದಕ್ಕೆ ಅವನು ರೈತ ಹೇಗೆ ಬಿಟ್ಟ, ಗಾಡಿಯಲ್ಲಿ ಏನೇನು ಹೇರಿದ, ಎಷ್ಟು ಹೊತ್ತಿಗೆ ಹೊರಟ ಎಂದು ಸೊಗಸಾಗಿ ಅರ್ಧ ಪುಟ ಬರೆದಿದ್ದ. ನನಗೆ ಸಿಟ್ಟು ಬಂತು.

"ನಾನು ಕೇಳಿದ್ದು ಎಂತ, ನೀನು ಬರೆದದ್ದು ಎಂತ? ಏಕೆ ಅಂತ ಉಂಟಲ್ಲ ಅಲ್ಲಿ?"

ಹುಡುಗ ಪ್ರಶ್ನೆಯನ್ನು ಮತ್ತೊಮ್ಮೆ ನೋಡಿದ. ನನ್ನ ಮುಖ ನೋಡಿದ. ಮೆಲ್ಲಗೆ ಕೇಳಿದ: "ಟೀಚರ್, ಏಕೆ ಅಂದರೆ ಎಂತ?"

ನಮ್ಮೂರಲ್ಲಿ ಯಾರು ಏಕೆ ಎನ್ನುತ್ತಾರೆ? ಮನೆಯಲ್ಲಿ ತುಳುವಿನ ದಾಯೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಂತಕ್ಕೆ. ಸ್ವಲ್ಪ ಓದಿದವರಾದರೆ ಯಾಕೆ. ಏಕೆ ಇರುವುದು ಪುಸ್ತಕದಲ್ಲಿ, ಪ್ರಶ್ನೆಪತ್ರಿಕೆಯಲ್ಲಿ. ಮೂರು ವರ್ಷ ನಾನು ಆ ಹುಡುಗನ ಎದುರು ನಿಂತು ಏಕೆ ಏಕೆ ಎಂದು ಕೇಳಿದ್ದೇನೆ. ಅದು ಪ್ರಶ್ನೆಯಲ್ಲಿ ಶೋಭೆಗೆ ಹಾಕುವ ಶಬ್ದ, ದೇವರ ಫೋಟೋಕ್ಕೆ ಹೂ ಇಟ್ಟ ಹಾಗೆ ಎಂದು ಅವನು ತಿಳಿದಿದ್ದ. ಪ್ರಶ್ನೆಯ ಮೊದಲ ಎರಡು ಶಬ್ದ ನೋಡಿ, ಇದಕ್ಕೆ ಯಾವ ನೋಟ್ಸು ಎಂದು ಅಂದಾಜು ಮಾಡಿ ಬರೆಯುತ್ತಿದ್ದ. ಅಂದಾಜು ಸರಿಯಾದ ವರ್ಷ ಪಾಸಾಗುತ್ತಿದ್ದ.

"ಏಕೆ ಅಂದರೆ ದಾಯೆ" ಎಂದೆ.

"ಓ! ಎಂತಕ್ಕೆ!" ಎಂದ ಹುಡುಗ. ಅವನ ಮುಖದಲ್ಲಿ ಹತ್ತು ವರ್ಷದ ಕನ್ನಡ ಪಾಠ ಒಮ್ಮೆಲೇ ಅರ್ಥವಾದ ಹಾಗೆ ಕಂಡಿತು. ನಾನು ಮೇಜಿನ ಮೇಲೆ ತಲೆ ಇಟ್ಟುಬಿಟ್ಟೆ. ಅಂದು ಸಂಜೆ ಸರ್‌ಗೆ ಹೇಳಿದೆ. ಅವರು ನಗಲಿಲ್ಲ. "ಸಿಕ್ಕಿತಲ್ಲ. ನನಗೆ ಎರಡು ವರ್ಷ ಬೇಕಾಯಿತು, ನಿಮಗೆ ಎಂಟೇ ದಿನ" ಎಂದರು. ಅವರ ಲೆಕ್ಕದಲ್ಲಿ ಅದು ಹೊಗಳಿಕೆ. ನನ್ನ ಮೂರು ವರ್ಷವನ್ನು ಅವರು ಬೇಕೆಂದೇ ಬಿಟ್ಟಿದ್ದರು.

ಪೂರಕ ಪರೀಕ್ಷೆಯಲ್ಲಿ ಯತೀಶ ಪಾಸಾದ. ಪಾಸಿಗೆ ಬೇಕಾದ್ದಕ್ಕಿಂತ ಇಪ್ಪತ್ತೊಂದು ಹೆಚ್ಚು. ನಾನು ಓಡಿಹೋಗಿ ಹೆಡ್‌ಮಾಸ್ಟ್ರಿಗೆ ಹೇಳಿದೆ. ಅವರು ಕಡತದಿಂದ ತಲೆಯೆತ್ತದೆ, "ಪೂರಕದ್ದು ಶೇಕಡಾ ಲೆಕ್ಕಕ್ಕೆ ಬರುವುದಿಲ್ಲ ಟೀಚರ್" ಎಂದರು.

ನೂರಕ್ಕೆ ನೂರು ತಪ್ಪಿದ್ದರ ಫಲ ಸರ್ ಉಂಡರು. ಅವರನ್ನು ಹತ್ತನೆಯ ಕ್ಲಾಸಿನಿಂದ ತೆಗೆದು ಎಂಟನೆಯ ಕ್ಲಾಸಿಗೆ ಹಾಕಿದರು. "ವಯಸ್ಸಾಯಿತು, ಅವರಿಗೂ ಸ್ವಲ್ಪ ವಿಶ್ರಾಂತಿ" ಎಂದು ಆದೇಶದಲ್ಲಿ ಇತ್ತು. ಅವರು ಜೂನ್ ತಿಂಗಳಿಡೀ ಎಂಟನೆಯ ಕ್ಲಾಸಿನಲ್ಲಿ ಭಾಗಾಕಾರ ಮಾಡಿಸಿದರು. ಹೆತ್ತವರು ದೂರು ಕೊಟ್ಟರು: ಪಕ್ಕದ ಸೆಕ್ಷನ್ನಿನಲ್ಲಿ ಎರಡನೆಯ ಪಾಠಕ್ಕೆ ಹೋಗಿದ್ದಾರೆ, ನಮ್ಮ ಮಕ್ಕಳು ಇನ್ನೂ ಪ್ರೈಮರಿ ಲೆಕ್ಕದಲ್ಲೇ ಇದ್ದಾರೆ. ಸರ್ ಆ ಹೆತ್ತವರನ್ನು ಕರೆಸಿ, ಎಲ್ಲರಿಗೂ ಒಂದೊಂದು ಕಾಗದ ಕೊಟ್ಟು, ಒಂದು ಭಾಗಾಕಾರ ಮಾಡಿಸಿದರು. ಮೂವರ ಉತ್ತರ ತಪ್ಪಿತು. ಅವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವರು. ದೂರು ಮೇಲಕ್ಕೆ ಹೋಗಲಿಲ್ಲ, ಸರ್ ಮೇಲಿನ ಸಿಟ್ಟು ಮಾತ್ರ ಮೇಲಕ್ಕೆ ಹೋಯಿತು.

ನಿವೃತ್ತಿಗೆ ಉಳಿದಿದ್ದ ಎರಡು ವರ್ಷ ಅವರಿಗೆ ಹೊಸದೊಂದು ಕಷ್ಟ ಶುರುವಾಯಿತು. ಹುಡುಗರ ಹೆಸರು ಕಲಿಯಲು ಹೊರಟರು. ಹಾಜರಿ ಪುಸ್ತಕ ಮನೆಗೆ ಒಯ್ದು ಬಾಯಿಪಾಠ ಮಾಡುತ್ತಿದ್ದರು ಎಂದು ಅವರ ಹೆಂಡತಿ ಬಾಯಿಯೇ ನನಗೆ ಹೇಳಿದ್ದು. ಬರುತ್ತಿರಲಿಲ್ಲ. ಪ್ರಜ್ವಲನನ್ನು ಪ್ರಣಾಮ್ ಎಂದು, ಇಬ್ಬರು ಆಶಿಕ್‌ಗಳಲ್ಲಿ ಒಬ್ಬನನ್ನು ಮೆಲ್ವಿನ್ ಎಂದು ಕರೆಯುತ್ತಿದ್ದರು. ಹುಡುಗರೇ ಕರುಣೆಯಿಂದ ಕರೆದ ಹೆಸರಿಗೆ ಓಗೊಡುತ್ತಿದ್ದರು. ನಿವೃತ್ತಿಯ ದಿನ ಶಾಲು, ಹಾರ, ಒಂದು ಬುಟ್ಟಿ ಹಣ್ಣು, ನಿಂತ ಗಡಿಯಾರ ಎಲ್ಲ ಕೊಟ್ಟರು. ಹೆಡ್‌ಮಾಸ್ಟ್ರು ಭಾಷಣದಲ್ಲಿ ಅವರನ್ನು ಶತಕವೀರ ಎಂದರು. ಅವರು ಉತ್ತರವಾಗಿ ನಾಲ್ಕೇ ಮಾತಾಡಿದರು: "ಎಂಟನೆಯ ಕ್ಲಾಸಿನಲ್ಲಿ ಇಬ್ಬರಿಗೆ ದಶಮಾಂಶದ ಚುಕ್ಕೆ ಎಲ್ಲಿಡುವುದು ಅಂತ ಇನ್ನೂ ಗೊತ್ತಾಗಿಲ್ಲ. ಮುಂದೆ ಬರುವವರು ದಯವಿಟ್ಟು ನೋಡಬೇಕು." ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಅವರು ನಿವೃತ್ತರಾಗಿ ಹೋದ ಮೇಲೆ ಸೋಸುವುದು ಮತ್ತೆ ಕ್ರಮಕ್ಕೆ ಬಂತು. ನೂರಕ್ಕೆ ನೂರು ಮತ್ತೆ ಬಂತು. ಯತೀಶ ಐಟಿಐ ಮುಗಿಸಿ ಸುರತ್ಕಲ್ ಕಡೆ ಫಿಟ್ಟರ್ ಆಗಿದ್ದಾನೆ. ಸರ್ ತೀರಿಕೊಂಡಾಗ ಸಾವಿನ ಮನೆಗೆ ಕಂಪೆನಿಯ ನೀಲಿ ಅಂಗಿಯಲ್ಲೇ ಬಂದಿದ್ದ. ಡಾಕ್ಟರೂ ಬಂದಿದ್ದರು, ಹೋಟೆಲಿನ ಶೆಟ್ಟರೂ ಬಂದಿದ್ದರು. ಚರ್ಚಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಹೊರಗೆ ಎಲ್ಲರೂ ಸರ್ ತಮಗೆ ಕೊಟ್ಟ ಅಂಕವನ್ನು ಹೇಳಿಕೊಂಡು ನಗುತ್ತಿದ್ದರು, ಕಡಿಮೆ ಬಂದವರೇ ಹೆಚ್ಚು ಜೋರಾಗಿ.

ಕಳೆದ ಸೋಮವಾರ ಸ್ಟಾಫ್ ಮೀಟಿಂಗಿನಲ್ಲಿ ಅವರಿಗೆ ಸಂತಾಪ ಸೂಚಿಸಿದೆವು. ಹೆಡ್‌ಮಾಸ್ಟ್ರು ಎದ್ದು ನಿಂತು, ಶಾಲೆಯ ಶೈಕ್ಷಣಿಕ ಪ್ರಗತಿಗೆ ಅವರ ಕೊಡುಗೆ, ಸತತ ನೂರು, ಎಂದೆಲ್ಲ ಹೇಳಿದರು. ಒಂದು 'ದುರದೃಷ್ಟದ ವರ್ಷ'ವನ್ನು ಸೌಜನ್ಯದಿಂದ ಬಿಟ್ಟರು. ಎರಡು ನಿಮಿಷದ ಮೌನ ಎಂದು ಹೇಳಿ, ಬೆಲ್ಲಿನ ಹೊತ್ತಾದ್ದರಿಂದ ಒಂದಕ್ಕೇ ಮುಗಿಸಿದರು. ನಿರ್ಣಯ ಬರೆಯುವ ಕೆಲಸ ಮಾಮೂಲಿನಂತೆ ಕನ್ನಡ ಟೀಚರಿಗೆ. "ಚೆನ್ನಾಗಿ ಬರೆಯಿರಿ ಟೀಚರ್, ಮನೆಯವರಿಗೆ ಪ್ರತಿ ಕಳಿಸಬೇಕು" ಎಂದರು.

ನಾನು ಮೀಟಿಂಗಿನ ಪುಸ್ತಕ ತೆಗೆದು ಬರೆದೆ. ಜನನ, ಸೇವೆ, ಕುಟುಂಬ. ಆಮೇಲೆ ಒಂದು ಸಾಲು: "ಒಂದು ವರ್ಷ ಈ ಶಾಲೆಯ ಫಲಿತಾಂಶ ನೂರಕ್ಕೆ ನೂರು ಆಗದಿರಲು ಇವರ ಧೈರ್ಯವೂ ಕನ್ನಡ ಶಿಕ್ಷಕಿಯ ಅಜ್ಞಾನವೂ ಕಾರಣವಾಗಿದ್ದು, ಮೊದಲನೆಯದಕ್ಕಾಗಿ ಈ ಸಭೆಯು ಇವರಿಗೆ ಚಿರಋಣಿಯಾಗಿದೆ."

ಪುಸ್ತಕ ಮೇಜಿನಿಂದ ಮೇಜಿಗೆ ಹೋಯಿತು. ಎಲ್ಲರೂ ಯಾವಾಗಿನಂತೆ ಓದದೆ ಸಹಿ ಹಾಕಿದರು. ಮೊದಲ ಸಹಿ ಹೆಡ್‌ಮಾಸ್ಟ್ರದ್ದು, ಸೀಲು ಸಮೇತ.